ಗಂಗಾಂಬಿಕಾಳ ನಂಬರು

ನಮ್ಮೂರಿನ ನೂರಿಪ್ಪತ್ತು ಮನೆಗಳ ಪಿಂಚಣಿಗೂ ರೇಷನ್ನಿಗೂ ಒಂದೇ ಮೊಬೈಲ್ ನಂಬರು. ಅದು ಗಂಗಾಂಬಿಕಾಳದ್ದು. ನನ್ನ ಪಿಂಚಣಿಗೂ ಅದೇ. ಮೂವತ್ತು ವರ್ಷ ಕನ್ನಡ ಶಾಲೆಯ ಮೇಷ್ಟ್ರಾಗಿದ್ದವನು ನಾನು, ನಾಚಿಕೆಯಾಗಬೇಕು.

ಎಲ್ಲ ಶುರುವಾದದ್ದು ಅವಳ ಒಳ್ಳೆಯತನದಿಂದ. ಎಂಟು ವರ್ಷದ ಹಿಂದೆ ಬನವಾಸಿ ರಸ್ತೆಯ ನಮ್ಮೂರಿಗೆ ಒಂದೇ ಒಂದು ಕಂಪ್ಯೂಟರ್ ಬಂತು. ಹಳೇ ಗೋದಾಮಿನಲ್ಲಿ ಅದನ್ನಿಟ್ಟು, ಪಿಯುಸಿ ಮುಗಿಸಿದ್ದ ಗಂಗಾಂಬಿಕಾಳನ್ನು ಎದುರಿಗೆ ಕೂರಿಸಿದರು. ಅರ್ಜಿ ತುಂಬುವಾಗ ಮೊಬೈಲ್ ನಂಬರು ಕೇಳುತ್ತದೆ. ಆಗ ಮುದುಕಿಯರ ಹತ್ತಿರ ಫೋನೆಲ್ಲಿ?

"ಇರ್ಲಿ ಬಿಡ್ರಿ, ನಂದ ಹಾಕ್ತೀನಿ" ಎಂದಳು.

ಅಂದಿನಿಂದ ಯಾರ ಕೆಲಸಕ್ಕಾದರೂ ಒಟಿಪಿ ಬರುವುದು ಅವಳ ಫೋನಿಗೆ. ಆ ಆರು ಅಂಕಿ ಅವಳು ಓದಿ ಹೇಳಿದರೆ ಮಾತ್ರ ಅಕ್ಕಿ, ಪಿಂಚಣಿ. ಆಮೇಲೆ ಮನೆಮನೆಗೂ ಫೋನು ಬಂತು, ನಂಬರು ಬದಲಾಗಲಿಲ್ಲ. ಅವಳಿದ್ದಾಳಲ್ಲ ಎಂದು ನಾವೆಲ್ಲ ಆರಾಮಾಗಿದ್ದೆವು. ತನ್ನ ಸ್ವಂತ ತಂಗಿ ಜ್ಯೋತಿಯ ಮದುವೆಯಲ್ಲೂ ಅಕ್ಷತೆ ಹಾಕುವ ಹೊತ್ತಿಗೆ ಅವಳು ಚಪ್ಪರದ ಹೊರಗೆ ನಿಂತು ಯಾರಿಗೋ ಅಂಕಿ ಹೇಳುತ್ತಿದ್ದಳು.

ಈ ವರ್ಷ ಯಲ್ಲಾಪುರದ ಹತ್ತಿರ ಒಂದು ವಸತಿಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗಬೇಕು. ಅಲ್ಲಿ ಹಗಲಿಡೀ ಫೋನು ಮುಟ್ಟುವಂತಿಲ್ಲ. ಭಾನುವಾರ ಎಲ್ಲರೂ ಬಂದು ನಂಬರು ಬದಲಾಯಿಸಿಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳಿದಳು. ಬಂದವರು ಹನ್ನೊಂದು ಜನ, ಅದರಲ್ಲಿ ನಾನಿರಲಿಲ್ಲ. ಬದಲಾಯಿಸಲು ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು. ಕೂಲಿಗೆ ಹೋಗುವ ಗಿರಿಜವ್ವನ ಬೆರಳು ಕಳೆ ಕಿತ್ತು ಕಿತ್ತು ಸವೆದುಹೋಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ತಿಕ್ಕಿ, ಎಷ್ಟು ಸಲ ಒತ್ತಿಸಿದರೂ ಯಂತ್ರ ಒಪ್ಪಲಿಲ್ಲ.

ಸಂಜೆ ಗಂಗಾಂಬಿಕಾ ನಮ್ಮ ಮನೆಗೆ ಬಂದಳು. ಸಿಮ್ಮನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು.

"ಸರ್, ಇದನ್ನ ನಿಮ್ಮ ಫೋನಿಗೆ ಹಾಕ್ಕೊಳ್ರಿ. ನಾ ಹೊಸಾ ನಂಬರ್ ತಗೋತೀನಿ. ಅಂಕಿ ಬಂದಾಗ ಓದಿ ಹೇಳಿದ್ರ ಸಾಕು. ನೀವು ಮನ್ಯಾಗ ಇರ್ತೀರಿ."

"ನನ್ನ ಕಣ್ಣು ಮೊದಲಿನಂಗಿಲ್ಲವ್ವಾ. ಅಂಕಿ ಕಾಣೂದಿಲ್ಲ" ಎಂದೆ.

ಕಣ್ಣು ಚೆನ್ನಾಗಿಯೇ ಇತ್ತು. ಊರವರ ಫೋನಿಗೆಲ್ಲ ಓಗೊಡುವ ಉಸಾಬರಿ ನನಗೆ ಬೇಡವಾಗಿತ್ತು, ಅಷ್ಟೇ. ಅವಳು ಸಿಮ್ಮಿನ ಪೊಟ್ಟಣವನ್ನು ತಿರುಗಿ ತೆಗೆದುಕೊಂಡಳು.

"ಇರ್ಲಿ ಬಿಡ್ರಿ ಸರ್" ಎಂದು ಹೊರಟುಹೋದಳು.

ಸೋಮವಾರ ಅವಳು ಹತ್ತಬೇಕಿದ್ದ ಶಿರಸಿ ಬಸ್ಸು ಹೋದ ಮೇಲೆ ಮನಸ್ಸು ತಡೆಯದೆ ಗೋದಾಮಿನ ಕಡೆ ನಡೆದೆ. ಬಾಗಿಲು ತೆರೆದಿತ್ತು. ಇಸ್ತ್ರಿ ಮಾಡಿದ ಸೀರೆಯಲ್ಲೇ ಅವಳು ಕಂಪ್ಯೂಟರಿನ ಎದುರು ಕೂತಿದ್ದಳು, ಬ್ಯಾಗು ಕಾಲ ಬಳಿಯಿತ್ತು. ಗಿರಿಜವ್ವ ಅಕ್ಕಿ ಚೀಲ ಮಡಿಚಿಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದಳು. ನನ್ನ ಮುಖ ಸಣ್ಣದಾಯಿತು. ಪಿಂಚಣಿಯದ್ದೊಂದು ಕಾಗದ ತೆಗೆಯಬೇಕಿತ್ತು ಎಂದೆ.

ಅವಳು ನನ್ನ ಹೆಸರು ಒತ್ತಿದಳು. ಫೋನು ಮಿನುಗಿತು. ಯಾವಾಗಲೂ ತಾನೇ ಓದುವವಳು, ಅವತ್ತು ಅದನ್ನು ನನ್ನತ್ತ ತಿರುಗಿಸಿ ಹಿಡಿದಳು.

"ನೀವ ಓದ್ರಿ ಸರ್."

ಕನ್ನಡಕ ಮನೆಯಲ್ಲಿತ್ತು. ಆರೂ ಅಂಕಿ ತಪ್ಪಿಲ್ಲದೆ ಓದಿದೆ.