ರೋಲಿನ ಕೊನೆಯ ಫೋಟೊ

ಬೆಂಗಳೂರಿನ ಒಂದು ಪತ್ರಿಕೆಗೆ ನಾನು ಮಾಲೂರಿನಿಂದ ಸುದ್ದಿ ಬರೆಯುತ್ತಿದ್ದ ಕಾಲ ಅದು. ಡಿಜಿಟಲ್ ಕ್ಯಾಮೆರಾ ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ರೋಲು ಮುಗಿದ ಮೇಲೆ ತೊಳೆಸದೆ ಹಾಗೇ ಕವರಿಗೆ ಹಾಕಿ, ಸುದ್ದಿಯ ಹಾಳೆಯ ಜೊತೆ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು, ಅಲ್ಲಿ ಆಫೀಸಿನವರು ಬಂದು ಇಸಿದುಕೊಳ್ಳುವುದು. ರೋಲಿನಲ್ಲಿ ಒಂದೆರಡು ಫೋಟೊ ಉಳಿದರೆ ಅದನ್ನು ಖಾಲಿ ಮಾಡಲು ಮೇಕೆಯನ್ನೋ, ಶಿವಾರಪಟ್ಟಣದಲ್ಲಿ ಅರ್ಧ ಕೆತ್ತಿದ ಗಣಪತಿಯನ್ನೋ, ಕೇಳಿದ ಯಾರನ್ನೋ ತೆಗೆಯುತ್ತಿದ್ದೆ. ತಾಲ್ಲೂಕು ವರದಿಗಾರರೆಲ್ಲ ಮಾಡುತ್ತಿದ್ದುದೇ ಅದು.

ನನ್ನೂರು ಮುಳಬಾಗಿಲು. ಮನೆಯಲ್ಲಿ ದಕ್ಕಣಿ ಉರ್ದು, ಬೀದಿಯಲ್ಲಿ ತೆಲುಗು, ಓದಿದ್ದು ಬರೆದದ್ದು ಕನ್ನಡ. ಮುತ್ತಜ್ಜನ ಮುತ್ತಜ್ಜನೂ ಅಲ್ಲೇ ಮಣ್ಣಾದವನು. ಮಾಲೂರಿನಲ್ಲಿ ಮಾತ್ರ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟವ್, ನಾನು. ಎಷ್ಟೋ ಭಾನುವಾರ ಯಾರೊಡನೆಯೂ ಮಾತಿಲ್ಲದೆ ಕಳೆದುಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ಗೋಡೆಯ ಕ್ಯಾಲೆಂಡರಿಗೆ ಬೈದು ಬಾಯಿಚಟ ತೀರಿಸಿಕೊಂಡದ್ದೂ ಉಂಟು.

ಆ ಭಾನುವಾರಗಳನ್ನು ತುಂಬಿದವರು ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ ಗಂಡ ಹೆಂಡತಿ. ಪಶ್ಚಿಮ ಬಂಗಾಳದ ಮಾಲ್ದಾ ಕಡೆಯವರು. ಅವರಿಗೆ ಮಾಲೂರಿನಲ್ಲೇ ಹುಟ್ಟಿದ ನಾಲ್ಕು ವರ್ಷದ ಮಗಳು. ಅವರ ಹರಕು ಹಿಂದಿಗೂ ನನ್ನ ದಕ್ಕಣಿಗೂ ಹೇಗೋ ಹೊಂದಿಕೆಯಾಗಿತ್ತು. ಆಕೆ ನನ್ನನ್ನು ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದಳು. ಬೇಯಿಸಿದ ಆಲೂಗಡ್ಡೆಯನ್ನು ಸಾಸಿವೆ ಎಣ್ಣೆಯಲ್ಲಿ ಕಲಸಿ ಅನ್ನದ ಜೊತೆ ಬಡಿಸುತ್ತಿದ್ದಳು. ಮೊದಲ ಸಲ ಮೂಗಿಗೇ ಹತ್ತಿ ಕಣ್ಣಲ್ಲಿ ನೀರು ಬಂತು. ಆಮೇಲಾಮೇಲೆ ಶನಿವಾರದಿಂದಲೇ ಅದಕ್ಕೆ ಕಾಯುತ್ತಿದ್ದೆ.

ಒಂದು ಭಾನುವಾರ ಆಕೆ ಕೇಳಿದಳು. ಊರಿನಲ್ಲಿರುವ ಅತ್ತೆಗೆ ಕಣ್ಣು ಮಂಜಾಗುತ್ತಿದೆ, ಪೂರ್ತಿ ಹೋಗುವ ಮೊದಲು ಮೊಮ್ಮಗಳ ಮುಖ ನೋಡಬೇಕಂತೆ, ಒಂದು ಫೋಟೊ ತೆಗೆದುಕೊಡ್ತೀರಾ ದಾದಾ? ರೋಲಿನಲ್ಲಿ ಒಂದೇ ಉಳಿದಿತ್ತು. ಗಂಡ ಪಕ್ಕದ ಗುಡಿಸಲಿನಿಂದ ಅಂಗಿ ಎರವಲು ತಂದು ತೊಟ್ಟ. ಮಗುವಿನ ಹಣೆಗೆ ಕಾಡಿಗೆಯ ದೊಡ್ಡ ಬೊಟ್ಟು. ಮೂವರನ್ನೂ ಗೂಡಿನ ಮುಂದೆ ನಿಲ್ಲಿಸಿ ತೆಗೆದೆ. ಕವರಿನಲ್ಲಿ ಒಂದು ಚೀಟಿ ಇಟ್ಟೆ: 'ಕೊನೆಯದು ಗೂಡಿನ ಬಂಗಾಳಿ ಕುಟುಂಬದ್ದು. ಒಂದು ಪ್ರಿಂಟ್ ಹಾಕಿಸಿ ಕಳಿಸಿ.'

ಮೂರನೇ ದಿನ ಟೀ ಅಂಗಡಿಯಲ್ಲಿ ಪೇಪರು ಬಿಡಿಸಿದರೆ ಮುಖಪುಟದಲ್ಲಿ ಅದೇ ಫೋಟೊ! ಮೇಲೆ ದಪ್ಪಕ್ಷರದಲ್ಲಿ, 'ಮಾಲೂರಿಗೂ ಬಂದರು ಬಾಂಗ್ಲಾ ನುಸುಳುಕೋರರು.' ಕೆಳಗೆ ನಾನು ಬರೆಯದ ಸುದ್ದಿ, 'ನಮ್ಮ ವರದಿಗಾರರಿಂದ' ಎಂದು. ಎಸ್‌ಟಿಡಿ ಬೂತಿಗೆ ಓಡಿದೆ.

"ಏನ್ ಸಾರ್ ಇದು? ಅವ್ರು ಮಾಲ್ದಾದೋರು. ನಮ್ ದೇಶದೋರೇ ಸಾರ್."

ಸುದ್ದಿ ಸಂಪಾದಕರು ನಕ್ಕರು. "ಬಂಗಾಳಿ ಅಂತ ನೀನೇ ತಾನೇ ಬರ್ದಿದ್ದು? ಎಲೆಕ್ಷನ್ ಟೈಮು ಕಣಯ್ಯಾ, ಎಲ್ರೂ ಇದನ್ನೇ ಹಾಕ್ತಿದಾರೆ. ಇವತ್ತು ಪೇಪರ್ ಹೆಂಗೆ ಹೋಗಿದೆ ಗೊತ್ತಾ?"

"ತಪ್ಪಾಗಿದೆ ಅಂತ ನಾಳೆ ಹಾಕಿ ಸಾರ್."

"ನೋಡೋಣ. ಅಲ್ಲಾ, ನೀನ್ಯಾಕೆ ಇಷ್ಟು ಉರ್ಕೋತೀಯಾ? ಅವ್ರೇನು ನಿಮ್ಮೋರಾ?"

ಫೋನಿಟ್ಟೆ.

ವಾಪಸು ಬರುವಷ್ಟರಲ್ಲಿ ಟೀ ಅಂಗಡಿಯವನು ಆ ಪುಟವನ್ನು ಗೋಡೆಗೆ ಅಂಟಿಸಿಯಾಗಿತ್ತು. ನನ್ನ ಮುಖ ನೋಡಿ ಸಮಾಧಾನ ಮಾಡಲು ಬಂದ. "ಲೇ, ನೀನು ನಮ್ಮೋನು ಬಿಡೋ. ನಾವು ಹೇಳ್ತಿರೋದು ಅವ್ರನ್ನ." ನೀನು ನಮ್ಮೋನು ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ; ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಗೂಡಿಗೆ ಹೋದದ್ದು ಅವರನ್ನು ಎಚ್ಚರಿಸಬೇಕೆಂದೇ, ದೇವರಾಣೆ. ಆದರೆ ಅಲ್ಲಿ ಹಬ್ಬ! ಲಾರಿ ಡ್ರೈವರ್ ತಂದುಕೊಟ್ಟ ಪೇಪರು ಹಿಡಿದು ಆಕೆ ಗುಡಿಸಲು ಗುಡಿಸಲಿಗೂ ತೋರಿಸಿ ಬರುತ್ತಿದ್ದಾಳೆ. ಕನ್ನಡ ಅಕ್ಷರ ಅಲ್ಲಿ ಒಬ್ಬರಿಗೂ ಬಾರದು. "ಒಂದು ಫೋಟೊ ಕೇಳಿದ್ರೆ ಪೇಪರಿನಲ್ಲೇ ಹಾಕಿಸಿಬಿಟ್ಟಿರಲ್ಲ ದಾದಾ!" ಎಂದು ತನ್ನ ಹಿಂದಿಯಲ್ಲಿ ಕೂಗಿದಳು. ಗಂಡ ದಪ್ಪಕ್ಷರದ ಮೇಲೆ ಬೆರಳಿಟ್ಟ. "ಇಲ್ಲಿ ಏನು ಬರೆದಿದೆ?"

ಇದ್ದದ್ದು ನಾಲ್ಕೇ ಪದ. ಓದಿ ಹೇಳಿದ್ದರೆ ಅವತ್ತೇ ಮಗುವನ್ನು ಎತ್ತಿಕೊಂಡು ಹೊರಡುತ್ತಿದ್ದರು.

"ಒಳ್ಳೆ ಕೆಲಸಗಾರರು ಅಂತ ಬರೆದಿದೆ" ಎಂದೆ.

ಹೇಡಿ ನನ್ಮಗ ನಾನು. ಆಕೆಯ ನಗು ನೋಡಿ ಹೇಳಲಾಗಲಿಲ್ಲ ಎನ್ನುವುದು ಅರ್ಧ ನಿಜ. ಇನ್ನರ್ಧ, ಅವರಿಗೆ ಸುಳಿವು ಕೊಟ್ಟು ಓಡಿಸಿದವನು ಇವನೇ ಎಂದು ನಾಳೆ ನನ್ನ ಫೋಟೊ ಬಂದರೆ ಎಂಬ ಭಯ. ಆಕೆ ಫೋಟೊವನ್ನು ಹೆಡ್ಡಿಂಗಿನ ಸಮೇತ ಅಂದವಾಗಿ ಕತ್ತರಿಸಿ, ಅತ್ತೆಯ ವಿಳಾಸದ ಚೀಟಿಯ ಜೊತೆ ನನ್ನ ಕೈಗಿಟ್ಟಳು. ಪೋಸ್ಟ್ ಮಾಡಿ ದಾದಾ, ಬೇಗ.

ಮಾರನೇ ದಿನ ಬೆಳಿಗ್ಗೆ ಒಂದಷ್ಟು ಜನ ಗೂಡಿಗೆ ನುಗ್ಗಿ ಗಲಾಟೆ ಮಾಡಿದರು. ಆತನಿಗೆ ಹೊಡೆದರಂತೆ. ಗೂಡಿನ ಮಾಲೀಕ, ಇಲ್ಲದ ಉಸಾಬರಿ ಬೇಡವೆಂದು, ಮೂವರನ್ನೂ ಲಾರಿ ಹತ್ತಿಸಿ ಕಳಿಸಿಬಿಟ್ಟ. ನಾನು ಹೋಗುವಷ್ಟರಲ್ಲಿ ಗುಡಿಸಲು ಖಾಲಿ. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಪೇಪರಿನಲ್ಲಿ ತಿದ್ದುಪಡಿ ಬರಲಿಲ್ಲ, ಆಫೀಸಿನಿಂದ ಪ್ರಿಂಟೂ ಬರಲಿಲ್ಲ. ನಾನು ಕೆಲಸ ಬಿಟ್ಟೆ. ಬಿಟ್ಟರೆ ಯಾರಿಗೇನಾಯಿತು, ಮಣ್ಣು! ಭಾನುವಾರಗಳು ಮತ್ತೆ ಬಂದವು, ಅಷ್ಟೇ.

ಏಳೆಂಟು ವರ್ಷದ ಮೇಲೆ ಕೋಲಾರದ ಸೈಬರ್ ಸೆಂಟರಿನಲ್ಲಿ ಕೂತಿದ್ದಾಗ ಒಂದು ಇಂಟರ್ನೆಟ್ ಗುಂಪಿನಲ್ಲಿ ಮತ್ತೆ ಆ ಫೋಟೊ ಕಂಡೆ. ಅದೇ ಎರವಲು ಅಂಗಿ, ಅದೇ ಕಾಡಿಗೆ ಬೊಟ್ಟು. 'ಮೊನ್ನೆ ಶ್ರೀನಿವಾಸಪುರದಲ್ಲಿ ಸಿಕ್ಕಿಬಿದ್ದವರು' ಎಂದು ಬರೆದಿತ್ತು. ಕೆಳಗೆ ಪುಟಗಟ್ಟಲೆ ಬೈಗುಳ. 'ಇದು ಮಾಲೂರು, ಹಳೆಯ ಫೋಟೊ, ತೆಗೆದವನು ನಾನೇ' ಎಂದು ಟೈಪ್ ಮಾಡಿದೆ. 'ನೀನ್ಯಾವ ದೇಶದೋನೋ?' ಎಂದು ಯಾರೋ ಕೇಳಿದರು. ಮರುದಿನ ನೋಡಿದರೆ ನನ್ನ ಮಾತೂ ಇಲ್ಲ, ಗುಂಪಿನಲ್ಲಿ ನಾನೂ ಇಲ್ಲ.

ಆಕೆ ಕೊಟ್ಟ ಕತ್ತರಿಸಿದ ಕಾಗದ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ, ವಿಳಾಸದ ಚೀಟಿಯೂ ಇದೆ. ಆ ಹೆಡ್ಡಿಂಗು ಹೊತ್ತ ಕಾಗದವನ್ನು ಹೇಗೆ ಕಳಿಸಲಿ ಎಂದು ನಾಚಿ ನಾನು ಪೋಸ್ಟ್ ಮಾಡಿರಲಿಲ್ಲ. ಎಂಥ ದಡ್ಡ! ಆ ಅಜ್ಜಿಗೆ ಕನ್ನಡ ಎಲ್ಲಿ ಬರುತ್ತಿತ್ತು? ಆಕೆ ನೋಡುತ್ತಿದ್ದುದು ಮಗುವಿನ ಮುಖವನ್ನು ಮಾತ್ರ. ಯಾರು ಯಾರೋ ನೋಡಿ ಉಗಿದ ಆ ಮುಖವನ್ನು ನೋಡದೆ ಉಳಿದವಳು ಅವಳೊಬ್ಬಳೇ.