ಗ್ರೈಂಡರಿನ ಪಕ್ಕ ಕೂತ ದಿನ

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದೇ ಮೀಸೆ ಬಂದ ಮೇಲೆ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ವಿಜಯಪುರದ ಕಡೆ. ಮುಂಬಯಿಯ ಬೊರಿವಲಿಯಲ್ಲಿ ಹೋಟೆಲ್ ಗ್ರೈಂಡರ್ ರಿಪೇರಿಯ ಚಿಕ್ಕ ಅಂಗಡಿ ಇದೆ. ಹೋದ ವರ್ಷ ಹತ್ತಿರದ ಉಡುಪಿ ಹೋಟೆಲಿನ ಮಾಲಕರು ತಮ್ಮ ದೊಡ್ಡ ಗ್ರೈಂಡರ್ ತಂದರು. ಮೋಟರ್ ಪೂರ್ತಿ ಸುಟ್ಟಿತ್ತು. ತಾಮ್ರದ ತಂತಿ ಸಾಲಕ್ಕೆ ತಂದು ಹೊಸದಾಗಿ ಸುತ್ತಿದೆ. ಅವರ ಹತ್ತಿರ ದುಡ್ಡಿರಲಿಲ್ಲ. "ತಿಂಗಳ ಕೊನೆಗೆ ಕೊಡುತ್ತೇನೆ, ಅಲ್ಲಿಯ ತನಕ ಮೆಷಿನ್ ನಿಮ್ಮಲ್ಲೇ ಇರಲಿ" ಎಂದು ಬರೆದು ಸಹಿ ಹಾಕಿದರು.

ತಿಂಗಳ ಕೊನೆ ಬಂತು, ದುಡ್ಡು ಬರಲಿಲ್ಲ. ತಂತಿ ಸಾಲ ಕೊಟ್ಟವನು ಮಾತ್ರ ವಸೂಲಿಗೆ ತಪ್ಪದೆ ಬರುತ್ತಿದ್ದ. ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಅಕ್ಕ ಒಬ್ಬರು ವಕೀಲರು. ಅವರನ್ನು ಕೇಳಿದೆ.

"ಅಣ್ಣಾರ, ಇವತ್ತ ಹೋಗಿ ಆ ಕರಾರು ಮುಂದಕ್ಕ ಹಾಕಿಸ್ಕೊಂಡು ಬರ್ರಿ. ಅದರ ಗಡುವು ಇವತ್ತಿಗೆ ಮುಗೀತದ, ನಾಳೆ ಅಂದ್ರ ತಡಾ ಆಗ್ತದ. ಮತ್ತ ದುಡ್ಡು ಬರೂ ತನಾ ಮೆಷಿನ್ ನಿಮ್ಮ ತಾಬೇದಾಗ ಇರಬೇಕು. ಸುಮ್ನ ಕೊಟ್ಟು ಕಳಿಸಿದ್ರ ಹಿಡಕೊಳ್ಳೂ ಹಕ್ಕ ಹೋತು."

ಹೋಟೆಲಿಗೆ ಓಡಿದೆ. ಮಾಲಕರು ನಕ್ಕರು.

"ಸಹಿ ಎಂತ, ಎರಡು ಹಾಕ್ತೇನೆ ಮಾರಾಯ್ರೆ! ಆದ್ರೆ ನಾಳೆ ಮಾಟುಂಗದಲ್ಲಿ ನಮ್ಮ ಸಂಘದ ಕಾರ್ಯಕ್ರಮ. ದೋಸೆ ಹಿಟ್ಟು ಇಲ್ಲಿಂದಲೇ ಹೋಗ್ಬೇಕು. ಬಾಡಿಗೆ ಮೆಷಿನ್ ಕೆಟ್ಟು ಕೂತಿದೆ. ನಮ್ಮದನ್ನು ಇವತ್ತೊಂದು ದಿನ ಕೊಡಿ."

ಕೊಟ್ಟರೆ ನನ್ನ ಹಕ್ಕು ಹೋಗುತ್ತದೆ, ಕೊಡದಿದ್ದರೆ ಅಷ್ಟು ಜನರ ದೋಸೆ ಹೋಗುತ್ತದೆ.

"ಮೆಷಿನ್ ಬರ್ತೈತ್ರಿ. ಅದರ ಜೋಡಿ ನಾನೂ ಬರ್ತೀನಿ" ಅಂದೆ.

"ನೀವೆಂತಕ್ಕೆ? ಅದು ಓಡಿ ಹೋಗ್ತದಾ?"

"ಅದು ಓಡಂಗಿಲ್ರಿ. ಓಡಾವ್ರು ಬ್ಯಾರೆ ಅದಾರ."

ಅವರು ಹೊಟ್ಟೆ ಕುಣಿಸಿ ನಕ್ಕರು. ಕರಾರನ್ನು ದಸರಾ ತನಕ ಮುಂದಕ್ಕೆ ಹಾಕಿ, ಮೆಷಿನ್ ತಮ್ಮ ಅಡುಗೆಮನೆಯಲ್ಲಿದ್ದರೂ ನನ್ನ ತಾಬೆಯಲ್ಲೇ ಇದೆ ಎಂದೂ ಬರೆದು ಕೊಟ್ಟರು.

ಮೆಷಿನ್ ಟೆಂಪೋದಲ್ಲಿ ಬಂತು. ನಾನು ಎಣ್ಣೆ ಡಬ್ಬ ಬೋರಲು ಹಾಕಿ ಅದರ ಪಕ್ಕ ಕೂತೆ. ಸುಮ್ಮನೆ ಕೂರುವುದೇಕೆ ಎಂದು ಅಕ್ಕಿಯನ್ನೂ ನಾನೇ ಹಾಕಿದೆ. ಅಷ್ಟರಲ್ಲಿ ಮಾಲಕರ ಹೆಂಡತಿ ಒಳಗೆ ಬಂದರು.

"ಇವರು ಯಾರು, ಹೊಸ ಭಟ್ರಾ?"

"ಅಲ್ಲ, ಮೆಷಿನಿಗೆ ಕಾವಲು" ಎಂದರು ಮಾಲಕರು.

"ನಮ್ಮ ಮೆಷಿನಿಗೆ ಎಂತ ಕಾವಲು?"

ಮಾಲಕರು ಸಾಂಬಾರಿನ ಮುಚ್ಚಳ ತೆಗೆದು ಒಳಗೆ ನೋಡತೊಡಗಿದರು. ನಾನೇ ಹೇಳಿದೆ, ರಿಪೇರಿ ದುಡ್ಡು ಬಂದಿಲ್ಲ ಎಂದು.

"ಅದಕ್ಕೆ ಅಂತ ನಾನು ಕೊಟ್ಟ ದುಡ್ಡು ಎಂತಾಯ್ತು?"

"ಸಂಘದ ಊಟಕ್ಕೆ ಚಂದಾ ಕೊಟ್ಟೆ ಮಾರಾಯ್ತಿ. ಕೊಟ್ಟವರಿಗೆ ಶಾಲು ಹಾಕಿ ಸನ್ಮಾನ ಉಂಟು."

"ಹಾಗಾದ್ರೆ ನಾಳೆ ಸ್ಟೇಜಿನಲ್ಲಿ ಶಾಲು ಇವರಿಗೇ ಹಾಕ್ಲಿಕ್ಕೆ ಹೇಳಿ!"

ಅಡುಗೆಮನೆಯೆಲ್ಲ ನಕ್ಕಿತು, ಮಾಲಕರೂ ನಕ್ಕರು. ಆ ಅಮ್ಮ ಗಲ್ಲಾಪೆಟ್ಟಿಗೆಯಿಂದ ದುಡ್ಡು ತಂದು ಪೂರ್ತಿ ನನ್ನ ಕೈಗಿಟ್ಟರು. ದಸರಾ ತನಕದ ಕರಾರು ಮಧ್ಯಾಹ್ನದ ತನಕವೂ ಬಾಳಲಿಲ್ಲ. ಚೀಟಿ ವಾಪಸ್ ಕೊಟ್ಟೆ, ಡಬ್ಬದಿಂದ ಎದ್ದೆ. ಆಮೇಲೂ ಹಿಟ್ಟು ಮುಗಿಯುವ ತನಕ ಅಲ್ಲೇ ನಿಂತಿದ್ದೆ. ಮೋಟರ್ ಚೆನ್ನಾಗಿ ಓಡುತ್ತಿತ್ತು, ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಮಾಡಿದ ಕೆಲಸದ ದುಡ್ಡಿಗಾಗಿ ನೀವೂ ಹೀಗೆ ಎಲ್ಲಾದರೂ ಕಾವಲು ಕೂತಿದ್ದೀರಾ? ದಯವಿಟ್ಟು ಬರೆಯಿರಿ. ನಿಧಾನವಾದರೂ ಎಲ್ಲವನ್ನೂ ಓದುತ್ತೇನೆ.