ನನ್ನ ಬ್ಲಾಗ್ ಓದಿದವರು

ಬ್ಲಾಗ್ ಶುರು ಮಾಡಿದಾಗ ನನಗಿದ್ದದ್ದು ಒಂದೇ ಹಂಬಲ: ಅವ್ವನ ಬಗ್ಗೆ ಬರೆದದ್ದನ್ನು ನಮ್ಮೂರಿನ ಹತ್ತು ಜನರಾದರೂ ಓದಬೇಕು. ಅವ್ವ ತೀರಿಕೊಂಡು ಐದಾರು ವರ್ಷ ಆಗಿತ್ತು. ನಾನು ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅಲ್ಲಿಯ ಸೈಬರ್ ಕೆಫೆಯಲ್ಲಿ ಒಂದು ತಾಸು ಕೂತು ಟೈಪು ಮಾಡುತ್ತಿದ್ದೆ. ಕೆಫೆಯವರು ನನಗೋಸ್ಕರ ಒಂದು ಕಂಪ್ಯೂಟರಿಗೆ ಕನ್ನಡ ಹಾಕಿಕೊಟ್ಟಿದ್ದರು.

ಬರೆದರಾಯಿತೇ? ಓದುವವರು ಬೇಕಲ್ಲ. ಬ್ಲಾಗಿನ ವಿಳಾಸವನ್ನು ಚೀಟಿಗಳಲ್ಲಿ ಬರೆದು ಬಸ್ಸಿನಲ್ಲಿ ಹಂಚಿದೆ. ದಿನಾ ಜೊತೆಗೆ ಬರುವ ಬ್ಯಾಂಕಿನವರು, ನರ್ಸಬಾಯಿ, ಹುಡಗಿ ಎಂಬ ಊರಿನಲ್ಲಿ ಇಳಿಯುವ ಇಬ್ಬರು ಮಾಸ್ತರರು, ಯಾರನ್ನೂ ಬಿಡಲಿಲ್ಲ. ಮದುವೆ ಕಾರ್ಡು ಕೊಡುವಂತೆ ಎರಡೂ ಕೈಯಿಂದ ಕೊಟ್ಟೆ. ಪುಟವನ್ನು ಎಷ್ಟು ಸಲ ತೆರೆದಿದ್ದಾರೆ ಎಂದು ತೋರಿಸುವ ಅಂಕಿಯೊಂದು ಕೆಳಗಿತ್ತು. ವಾರದೊಳಗೆ ಅದು ಏರತೊಡಗಿತು.

"ಭಾರಿ ಬರದೀರಿ ಟೀಚರ್. ಓದಿ ಕಣ್ಣಾಗ ನೀರೇ ಬಂದ್ವು ನೋಡ್ರಿ" ಎಂದರು ಬ್ಯಾಂಕಿನವರು. ನರ್ಸಬಾಯಿ ಹೌದೌದು ಎಂದು ತಲೆಯಾಡಿಸಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಅಪ್ಪನಿಗೂ ಒಂದು ಚೀಟಿ ಕೊಟ್ಟಿದ್ದೆ. ನಿವೃತ್ತ ಮಾಸ್ತರರು, ಹೊಗಳುವುದೆಂದರೆ ಅವರಿಗೆ ಅಳತೆ ಮೀರಿ ಎಣ್ಣೆ ಸುರಿದಂತೆ. ಒಂದು ಸಂಜೆ ನಾನು ಮನೆಗೆ ಬರುವುದನ್ನೇ ಕಾಯುತ್ತಿದ್ದರು.

"ಇಲ್ಲಿ ಕೆಫೆಕ್ಕ ಹೋಗಿದ್ದೆ. ನಿನ್ನ ಬ್ಲಾಗಿನ್ಯಾಗ ಒಂದು ಅಕ್ಷರ ಇಲ್ಲವ್ವಾ. ಬರೇ ಡಬ್ಬಿ ಅವ."

ನನಗೆ ಸಿಟ್ಟು ನೆತ್ತಿಗೇರಿತು. "ಇಡೀ ಬಸ್ಸು ಓದೇದ. ನಿನಗೊಬ್ಬನಿಗೇ ಕಾಣ್ಸಲಿಲ್ಲೇನು?"

"ನನಗ ಕಂಡದ್ದು ನಾ ಹೇಳ್ದೆ" ಎಂದರು.

ಭಾನುವಾರ ಅವರನ್ನು ಕರೆದುಕೊಂಡೇ ಕಲ್ಯಾಣದ ಕೆಫೆಗೆ ಹೋದೆ. ಪುಟ ತೆರೆಯಿತು. ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು ಚೌಕ ಡಬ್ಬಿಗಳು. ಆ ಕಂಪ್ಯೂಟರುಗಳಿಗೆ ಕನ್ನಡ ಹಾಕಿರಲೇ ಇಲ್ಲ. ಊರಿಗೆ ಇದ್ದದ್ದು ಇದೊಂದೇ ಕೆಫೆ. ಅಂದರೆ ಬಸ್ಸಿನವರೆಲ್ಲ ಚೀಟಿಯ ಮರ್ಯಾದೆಗೆ ಇಲ್ಲಿಗೆ ಬಂದು, ಡಬ್ಬಿ ನೋಡಿ, ನನಗೆ ಬೇಜಾರಾಗಬಾರದೆಂದು ಕಣ್ಣೀರಿನ ಕಥೆ ಹೇಳಿದ್ದರು. ನಮ್ಮ ಕಡೆಯವರ ಸಂಭಾವಿತತನವೇ ಹೀಗೆ. ನಾಚಿಕೆಯಿಂದ ನನ್ನ ಮುಖ ಸುಟ್ಟುಹೋಯಿತು, ಆಮೇಲೆ ನಗು ಬಂತು.

ಹುಮನಾಬಾದಿನ ಕೆಫೆಯವರಿಂದ ಸಿ.ಡಿ. ಬೇಡಿ ತಂದು ಇಲ್ಲಿಯೂ ಕನ್ನಡ ಹಾಕಿಸಿದೆ. ಮುಂದಿನ ಭಾನುವಾರ ಅಪ್ಪ ಕನ್ನಡಕ ಏರಿಸಿ ಕೂತರು. ಒಂದೊಂದೇ ಸಾಲು ಓದಿದರು. ನಾನು ಹಿಂದೆ ನಿಂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಒಂದು ಕಡೆ ಅವರ ಬೆರಳು ನಿಂತಿತು.

"ಇದು ತಪ್ಪು ಅದ."

ನಾನು ಬರೆದಿದ್ದದ್ದು ಇಷ್ಟೇ: ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ನಾನು ಕಥೆ ಬರೆಯುತ್ತಿದ್ದ ನೋಟುಬುಕ್ಕನ್ನು ಅವಳು ದಿನಾ ಒರೆಸಿ ಇಡುತ್ತಿದ್ದಳು, ಓದಲಿಲ್ಲ.

"ಅಕಿಗಿ ಓದಾಕ ಬರ್ತಿತ್ತು" ಎಂದರು ಅಪ್ಪ. "ನಾನೇ ಕಲಿಸಿದ್ದೆ. ಮಗಳು ಏನ್ ಬರ್ದಾಳ ನೋಡ್ಬೇಕು ಅಂತ ಬೆನ್ನ ಹತ್ತಿದ್ಳು. ನೀ ಕಾಲೇಜಿಗಿ ಹೋದ ಮ್ಯಾಲ ಒಂದೊಂದು ಅಕ್ಷರಕ್ಕ ಬಟ್ಟು ಹಚ್ಚಿ ಓದಾಕಿ. ಪೂರಾ ಮುಗಿಸಿ ನಾನೇ ಅಕಿಗಿ ಹೇಳ್ತೀನಿ, ಅಲ್ಲೀತನಕ ಬಾಯಿ ಬಿಡಬ್ಯಾಡ್ರಿ ಅಂದಿದ್ಳು. ಅಕಿ ಮುಗಿಸ್ಲಿಲ್ಲ, ನಾ ಹೇಳ್ಲಿಲ್ಲ."

ಕೆಫೆಯಲ್ಲಿದ್ದ ಅಷ್ಟು ಜನರ ನಡುವೆ ನಾನು ಅತ್ತುಬಿಟ್ಟೆ. ಅಪ್ಪ ಕಂಪ್ಯೂಟರಿನ ಕಡೆಗೇ ಮುಖ ಮಾಡಿ ಕೂತಿದ್ದರು.

ಮನೆಗೆ ಬಂದು ಟ್ರಂಕಿನಿಂದ ಆ ನೋಟುಬುಕ್ಕು ತೆಗೆದೆ. ನಡುವಿನ ಒಂದು ಪುಟದಲ್ಲಿ ಕಸಬರಿಗೆಯ ಕಡ್ಡಿಯೊಂದಿತ್ತು, ಗುರುತಿಗೆ ಇಟ್ಟದ್ದು. ಸೋಮವಾರ ಶಾಲೆ ಬಿಟ್ಟ ಮೇಲೆ ಹುಮನಾಬಾದಿನ ಕೆಫೆಯಲ್ಲಿ ಕೂತು, ಆ ಪುಟದಿಂದ ಮುಂದಕ್ಕೆ ಟೈಪು ಮಾಡತೊಡಗಿದೆ.